ದೂರು ಕೊಟ್ಟ ಹೆಂಗಸು ಒಂದು ವರ್ಷದ ಮೇಲೆ ಎಲ್ಲಿರುತ್ತಾಳೆ?

ಗಾರ್ಮೆಂಟ್ಸ್ ಫ್ಯಾಕ್ಟರಿಗಳಲ್ಲಿ ಲೈಂಗಿಕ ಕಿರುಕುಳದ ಕಾನೂನಿನ ಬಗ್ಗೆ ತರಬೇತಿ ಕೊಡಲು ಹೋದಾಗ ಹೆಂಗಸರು ಮೊದಲು ಕೇಳುವ ಪ್ರಶ್ನೆ ಕಾನೂನಿನದ್ದಾಗಿರುವುದಿಲ್ಲ. ಯಾವ ಸೆಕ್ಷನ್, ಎಷ್ಟು ಶಿಕ್ಷೆ, ಪೊಲೀಸರ ಹತ್ತಿರ ಹೋಗಬೇಕಾ, ಇದೆಲ್ಲ ಆಮೇಲೆ. ಮೊದಲು ಕೇಳುವುದು, “ಅಕ್ಕ, ಕಂಪ್ಲೇಂಟ್ ಕೊಟ್ರೆ ಕೆಲಸ ಉಳಿಯುತ್ತಾ?”

ಪುಸ್ತಕ ನೋಡಿ ಉತ್ತರ ಹೇಳುವುದಾದರೆ, ಉಳಿಯಬೇಕು. ಆದರೆ ಕೇಳುತ್ತಿರುವವಳಿಗೆ ಅದು ಸಾಲದು. ಅವಳ ಲೈನಿನಲ್ಲಿ, ಅಂದರೆ ಅವಳು ಕೂತು ಹೊಲಿಯುವ ಮಷೀನುಗಳ ಸಾಲಿನಲ್ಲಿ, ಹಿಂದೆ ಯಾರೋ ಒಬ್ಬಳು ಬಾಯಿಬಿಟ್ಟಿದ್ದಳು. ಅವಳು ಈಗ ಅಲ್ಲಿಲ್ಲ. ಅದನ್ನು ಕಣ್ಣಾರೆ ನೋಡಿಯೇ ಇವಳು ಕೇಳುತ್ತಿರುತ್ತಾಳೆ.

ನಾನು ಬೆಂಗಳೂರು ಮತ್ತು ಸುತ್ತಮುತ್ತಲಿನ ಕೆಲವು ಫ್ಯಾಕ್ಟರಿಗಳಲ್ಲಿ ಇಂಥ ದೂರುಗಳನ್ನು ವಿಚಾರಿಸುವ ಆಂತರಿಕ ಸಮಿತಿಯಲ್ಲಿ ಹೊರಗಿನ ಸದಸ್ಯೆ. ಹೆಂಗಸರ ಹಕ್ಕಿಗಾಗಿ ಕೆಲಸ ಮಾಡುವ ಸಂಸ್ಥೆಯಿಂದ ಒಬ್ಬರು ಸಮಿತಿಯಲ್ಲಿ ಇರಲೇಬೇಕು ಎಂದು ಕಾನೂನು ಹೇಳುತ್ತದೆ. ಆ ಜಾಗದಲ್ಲಿ ನಾನು ಕೂರುತ್ತೇನೆ. ಅದಕ್ಕೂ ಮೊದಲು ನಾನೇ ಟೈಲರ್ ಆಗಿದ್ದೆ. ಸಮಿತಿಯ ಮುಂದೆ ಬಂದ ಯಾವ ಕೇಸನ್ನೂ ಇಲ್ಲಿ ಬರೆಯುವುದಿಲ್ಲ. ದೂರು ಕೊಟ್ಟವರ, ಸಾಕ್ಷಿ ಹೇಳಿದವರ, ಆರೋಪ ಹೊತ್ತವರ ಗುರುತು ಹೊರಗೆ ಬರಬಾರದು ಎಂದು ಕಾನೂನಿನ 16ನೇ ಸೆಕ್ಷನ್ ಹೇಳುತ್ತದೆ, ಅದು ಸರಿಯಾಗಿಯೇ ಇದೆ. ಹಾಗಾಗಿ ನನ್ನ ಮೇಲೆ ಆಗಿದ್ದನ್ನು ಹೇಳುತ್ತೇನೆ. ಉಳಿದದ್ದು ಬೇರೆ ಬೇರೆ ಕಡೆ ಮತ್ತೆ ಮತ್ತೆ ನೋಡಿ ಗೊತ್ತಾಗಿರುವುದು.

2004ರ ಹೊತ್ತಿಗೆ ನಾನು ಮೈಸೂರು ರಸ್ತೆಯ ಒಂದು ಫ್ಯಾಕ್ಟರಿಯಲ್ಲಿದ್ದೆ. ಪಿಯುಸಿ ಆದ ಮೇಲೆ ಹೆಲ್ಪರ್ ಆಗಿ ಸೇರಿ, ದಾರ ಕತ್ತರಿಸುತ್ತಾ, ಊಟದ ಹೊತ್ತಿನಲ್ಲಿ ಖಾಲಿ ಮಷೀನ್ ಮೇಲೆ ಹೊಲಿಗೆ ಕಲಿತು ಟೈಲರ್ ಆದೆ. ಕಾಲರ್ ಹಾಕುವುದು ನನ್ನ ಕೆಲಸ. ಶರ್ಟಿನ ಕಾಲರ್ ಚೆನ್ನಾಗಿ ಕೂರಿಸುವವರಿಗೆ ಲೈನಿನಲ್ಲಿ ಬೆಲೆ ಇರುತ್ತದೆ. ಹೊಸ ಸ್ಟೈಲ್ ಬಂದಾಗ ಸ್ಯಾಂಪಲ್ ಹೊಲಿಯಲು ನನ್ನನ್ನೇ ಕರೆಯುತ್ತಿದ್ದರು.

ನಮ್ಮ ಸೂಪರ್‌ವೈಸರ್ ಹೊಲಿಗೆ ನೋಡುವ ನೆಪದಲ್ಲಿ ಹಿಂದೆ ಬಂದು ನಿಲ್ಲುತ್ತಿದ್ದ. ಒಂದು ಕೈ ಮಷೀನ್ ಮೇಲೆ, ಇನ್ನೊಂದು ಕೈ ಬೆನ್ನ ಮೇಲೆ. ಹೊಲಿಯುವವರಿಗೆ ಗೊತ್ತಿರುತ್ತದೆ, ಪೀಸ್ ಸೂಜಿಯ ಕೆಳಗೆ ಇರುವಾಗ ಮೈ ಕದಲಿಸುವ ಹಾಗಿಲ್ಲ. ಬೆರಳಿಗೆ ಸೂಜಿ ಇಳಿಯುತ್ತದೆ. ಅದು ಅವನಿಗೂ ಗೊತ್ತಿತ್ತು. ಸಂಜೆ ಎಲ್ಲರೂ ಹೊರಡುವಾಗ ನನ್ನೊಬ್ಬಳಿಗೆ “ನೀನು ಇರು, ರಿಪೇರಿ ಪೀಸ್ ಇದೆ” ಎನ್ನುತ್ತಿದ್ದ. ಒಂದು ದಿನ ನಾನು ಎದ್ದು ನಿಂತು, ಎಲ್ಲರಿಗೂ ಕೇಳುವ ಹಾಗೆ, “ಸಾರ್, ಕೈ ತೆಗೀರಿ” ಎಂದೆ.

ಆ ಮೇಲಿಂದ ಅವನು ನನ್ನನ್ನು ಮುಟ್ಟಲಿಲ್ಲ. ಮರುದಿನವೇ ನನ್ನನ್ನು ಕಾಲರಿನಿಂದ ತೆಗೆದು, ನಾನು ಯಾವತ್ತೂ ಕೂತಿರದ ಮಷೀನಿಗೆ ಹಾಕಿದ. ಪಾಕೆಟ್ ಕೂರಿಸುವುದು. ಗಂಟೆಯ ಟಾರ್ಗೆಟ್ ಮಾತ್ರ ಆ ಕೆಲಸದಲ್ಲಿ ಪಳಗಿದವರಿಗೆ ಇದ್ದಷ್ಟೇ. ಗಂಟೆಗೊಮ್ಮೆ ಬೋರ್ಡಿನಲ್ಲಿ ನನ್ನ ಲೆಕ್ಕ ಬರೆದು, ಕಡಿಮೆ ಬಿದ್ದಿದ್ದಕ್ಕೆ ನಿಲ್ಲಿಸಿ ಬೈಯುತ್ತಿದ್ದ. ಪೀಸುಗಳನ್ನು ಮುಖದ ಮೇಲೆ ಎಸೆದ. ಅಮ್ಮನನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗಲು ಅರ್ಧ ದಿನ ರಜೆ ಕೇಳಿದರೆ ಚೀಟಿಗೆ ಸಹಿ ಹಾಕಲಿಲ್ಲ. ಗೇಟ್ ಪಾಸ್ ಇಲ್ಲದೆ ಹೊರಗೆ ಬಿಡುವುದಿಲ್ಲ.

ಪರ್ಸನಲ್ ಡಿಪಾರ್ಟ್‌ಮೆಂಟಿಗೆ ಹೋದೆ. ಅಲ್ಲಿದ್ದ ಅಧಿಕಾರಿ ಪೂರ್ತಿ ಕೇಳಿಸಿಕೊಂಡರು. ಆಮೇಲೆ, “ಟಾರ್ಗೆಟ್ ವಿಷಯ ಪ್ರೊಡಕ್ಷನ್‌ದು ಕಣಮ್ಮ, ನಾವು ತಲೆ ಹಾಕಕ್ಕಾಗಲ್ಲ. ಎರಡು ದಿನ ರಜೆ ತಗೊಂಡು ಬಾ, ಸರಿಹೋಗುತ್ತೆ” ಎಂದರು. ಕೈ ವಿಷಯ? “ಅವರು ಎಲ್ರ ಹತ್ರನೂ ಹಾಗೇ ಅಲ್ವಾ?” ಎಂದರು.

ನಾನು ರಾಜೀನಾಮೆ ಬರೆದುಕೊಟ್ಟೆ. ಪಿಎಫ್ ದುಡ್ಡು ಬರುವ ತನಕ ಮನೆಯಲ್ಲಿ ಜಗಳ. ದಾಖಲೆಯಲ್ಲಿ ಇರುವುದು ಇಷ್ಟೇ: ಸ್ವಂತ ಕಾರಣಕ್ಕೆ ಕೆಲಸ ಬಿಟ್ಟಿದ್ದಾಳೆ.

ಆ ಹೊತ್ತಿಗೆ, ಕೆಲಸದ ಜಾಗದ ಲೈಂಗಿಕ ಕಿರುಕುಳದ ಬಗ್ಗೆ ಸುಪ್ರೀಂ ಕೋರ್ಟು ಕೊಟ್ಟ ವಿಶಾಖಾ ತೀರ್ಪು ಬಂದು ಏಳು ವರ್ಷವಾಗಿತ್ತು. ನಮ್ಮ ಫ್ಲೋರಿನಲ್ಲಿ ಯಾರೂ ಅದರ ಹೆಸರು ಕೇಳಿರಲಿಲ್ಲ. ಆ ತೀರ್ಪಿನ ಹಿಂದಿರುವ ಭಂವರಿ ದೇವಿಯವರ ಕಥೆಯನ್ನು ನಾನು ತರಬೇತಿಗಳಲ್ಲಿ ಹೇಳಿಯೇ ಹೇಳುತ್ತೇನೆ. ರಾಜಸ್ಥಾನದ ಭಟೇರಿ ಎಂಬ ಹಳ್ಳಿಯ ಕುಂಬಾರರ ಹೆಂಗಸು. ಸರ್ಕಾರದ ಮಹಿಳಾ ಅಭಿವೃದ್ಧಿ ಕಾರ್ಯಕ್ರಮದಲ್ಲಿ ‘ಸಾಥಿನ್’, ಅಂದರೆ ಹಳ್ಳಿಯ ಕಾರ್ಯಕರ್ತೆ ಆಗಿ ದುಡಿಯುತ್ತಿದ್ದರು. ಬಾಲ್ಯವಿವಾಹ ತಡೆಯುವುದು ಅವರ ಕೆಲಸದ ಭಾಗ. ಒಂದು ವರ್ಷವೂ ತುಂಬದ ಮಗುವಿನ ಮದುವೆ ನಿಲ್ಲಿಸಲು ಹೋಗಿದ್ದಕ್ಕೆ 1992ರ ಸೆಪ್ಟೆಂಬರ್‌ನಲ್ಲಿ ಆ ಊರಿನ ಬಲಾಢ್ಯರು ಅವರ ಮೇಲೆ ಸಾಮೂಹಿಕ ಅತ್ಯಾಚಾರ ಮಾಡಿದರು. 1995ರಲ್ಲಿ ಕೆಳಗಿನ ಕೋರ್ಟು ಆರೋಪಿಗಳನ್ನು ಅತ್ಯಾಚಾರದ ಆರೋಪದಿಂದ ಬಿಟ್ಟುಬಿಟ್ಟಿತು.

ಅದಕ್ಕೂ ಮೊದಲೇ, 1992ರಲ್ಲಿ, ಮಹಿಳಾ ಸಂಘಟನೆಗಳು ಸುಪ್ರೀಂ ಕೋರ್ಟಿಗೆ ಹೋಗಿದ್ದವು. ಅಲ್ಲಿ ಕೇಳಿದ್ದು ಬೇರೆಯದೇ ಪ್ರಶ್ನೆ. ಅತ್ಯಾಚಾರ ಮಾಡಿದವರಿಗೆ ಶಿಕ್ಷೆ ಆಗಬೇಕು ನಿಜ, ಆದರೆ ಕೆಲಸ ಮಾಡುವ ಕಡೆ ಹೆಂಗಸನ್ನು ಕಾಪಾಡುವ ಹೊಣೆ ಯಾರದು? ಭಂವರಿ ದೇವಿಯವರಿಗೆ ಕೆಲಸ ಕೊಟ್ಟಿದ್ದು ಸರ್ಕಾರ. ಬೆದರಿಕೆ ಇದೆ ಎಂದು ಗೊತ್ತಿದ್ದೂ ಅವರ ಬೆನ್ನಿಗೆ ಯಾರೂ ನಿಂತಿರಲಿಲ್ಲ. 1997ರ ಆಗಸ್ಟ್ 13ರಂದು ಮುಖ್ಯ ನ್ಯಾಯಮೂರ್ತಿ ಜೆ.ಎಸ್. ವರ್ಮಾ ಅವರ ಪೀಠ ತೀರ್ಪು ಕೊಟ್ಟಿತು. ಕೆಲಸದ ಜಾಗದಲ್ಲಿ ಕಿರುಕುಳ ಆಗದಂತೆ ನೋಡಿಕೊಳ್ಳುವುದು ಕೆಲಸ ಕೊಟ್ಟವರ ಜವಾಬ್ದಾರಿ, ಹೆಂಗಸೊಬ್ಬರ ಮುಂದಾಳ್ತನದಲ್ಲಿ ದೂರು ಸಮಿತಿ ಇರಬೇಕು, ಹೊರಗಿನವರೊಬ್ಬರು ಅದರಲ್ಲಿ ಇರಬೇಕು ಎಂದು ಅದು ಹೇಳಿತು. ಇದನ್ನೇ ಕಾನೂನಾಗಿ ಮಾಡಲು ಸಂಸತ್ತು 2013ರ ತನಕ ತೆಗೆದುಕೊಂಡಿತು. ಜಾರಿಗೆ ಬಂದಿದ್ದು 2013ರ ಡಿಸೆಂಬರ್ 9ಕ್ಕೆ.

ನಮ್ಮ ಫ್ಯಾಕ್ಟರಿಗಳ ಒಳಗೆ ಇದು ಹೇಗೆ ನಡೆಯುತ್ತದೆ ಎಂದು ಹೊರಗಿನವರಿಗೆ ಹೇಳಬೇಕು. ಹೊಲಿಯುವವರು ಹೆಚ್ಚುಕಡಿಮೆ ಎಲ್ಲ ಹೆಂಗಸರು. ಹೊಲಿಸುವವರು ಹೆಚ್ಚುಕಡಿಮೆ ಎಲ್ಲ ಗಂಡಸರು. ನನ್ನ ಪ್ರಕಾರ ಅಲ್ಲಿಂದಲೇ ಕಿರುಕುಳ ಶುರುವಾಗುತ್ತದೆ. ಹದಿನೈದು ವರ್ಷ ಮಷೀನ್ ಮೇಲೆ ಕೂತ ಹೆಂಗಸಿಗೆ ಲೈನಿನ ಒಂದೊಂದು ಆಪರೇಷನ್ನೂ ಗೊತ್ತು. ಅವಳನ್ನು ಸೂಪರ್‌ವೈಸರ್ ಮಾಡಿ ಎಂದರೆ, “ಅವರಿಗೆ ಬಾಯಿ ಸಾಲದು, ಲೈನ್ ಹಿಡಿಯಕ್ಕಾಗಲ್ಲ” ಎನ್ನುತ್ತಾರೆ. ಲೈನ್ ಹಿಡಿಯುವುದು ಎಂದರೆ ಬೈಯುವುದು ಎಂದು ಅವರೇ ಒಪ್ಪಿಕೊಂಡ ಹಾಗಾಯಿತಲ್ಲ! ಎರಡು ವರ್ಷದ ಅನುಭವದ ಹುಡುಗ ಬಂದು ತನ್ನ ತಾಯಿ ವಯಸ್ಸಿನವರನ್ನು ‘ಏ’ ಎಂದು ಕರೆಯುತ್ತಾನೆ. ಇದು ತಾರತಮ್ಯ. ಈ ತಾರತಮ್ಯ ಇರುವ ತನಕ ಕಿರುಕುಳಕ್ಕೆ ನೆಲ ಹದವಾಗಿಯೇ ಇರುತ್ತದೆ.

ಆ ಸೂಪರ್‌ವೈಸರ್ ಕೈಯಲ್ಲಿ ಏನೇನಿದೆ ನೋಡಿ. ರಜೆ ಚೀಟಿ, ಗೇಟ್ ಪಾಸ್, ಯಾವ ಮಷೀನಿಗೆ ಯಾರು, ಓಟಿ ಯಾರಿಗೆ, ಇನ್ಸೆಂಟಿವ್‌ಗೆ ಯಾರ ಹೆಸರು. ಕೆಲವು ಕಡೆ ಟಾಯ್ಲೆಟ್‌ಗೆ ಹೋಗಿ ಬರುವ ಟೋಕನ್ ಕೂಡ. ಮಗುವಿಗೆ ಜ್ವರ ಎಂದು ಫೋನ್ ಬಂದ ತಾಯಿ ಆ ಹೊತ್ತಿನಲ್ಲಿ ಅವನ ಮುಂದೆ ಹೋಗಿ ನಿಲ್ಲಲೇಬೇಕು. “ನಂಬರ್ ಕೊಡು, ಆಮೇಲೆ ನೋಡೋಣ” ಎನ್ನುವ ಮಾತು ಬರುವುದು ಆಗಲೇ. ರಾತ್ರಿ ವಾಟ್ಸಾಪ್ ಮೆಸೇಜ್ ಬರುವುದು, “ಸ್ವಲ್ಪ ಅಡ್ಜಸ್ಟ್ ಮಾಡ್ಕೋ” ಎನ್ನುವುದು ಆಮೇಲೆ.

ಲೈಂಗಿಕ ಕಿರುಕುಳ ಎಂದರೆ ಮುಟ್ಟುವುದು ಮಾತ್ರ ಎಂದುಕೊಂಡಿರುವವರು ಈಗಲೂ ಜಾಸ್ತಿ. ಕಾನೂನು ಅಷ್ಟಕ್ಕೇ ನಿಲ್ಲಿಸಿಲ್ಲ. ಅಶ್ಲೀಲ ಮಾತು, ಫೋನಿನಲ್ಲಿ ಚಿತ್ರ ತೋರಿಸುವುದು, ಬೇಡವೆಂದರೂ ಮಾಡುವ ಸನ್ನೆ, ಎಲ್ಲವೂ ಸೇರುತ್ತದೆ. ಅದಕ್ಕೆ ಬಗ್ಗಿದರೆ ಅನುಕೂಲ, ಬಗ್ಗದಿದ್ದರೆ ತೊಂದರೆ ಎಂಬ ಸೂಚನೆ ಕೊಡುವುದೂ ಸೇರುತ್ತದೆ, ಅದನ್ನು ಬಾಯಿಬಿಟ್ಟು ಹೇಳಿರಬೇಕು ಎಂದೇನಿಲ್ಲ. ಅಂದರೆ ಅವತ್ತು ನನ್ನನ್ನು ಕಾಲರಿನಿಂದ ಪಾಕೆಟ್‌ಗೆ ಹಾಕಿದ್ದು “ಪ್ರೊಡಕ್ಷನ್ ವಿಷಯ” ಆಗಿರಲಿಲ್ಲ. ಅದು ಕಿರುಕುಳದ ಮುಂದುವರಿದ ಭಾಗ. ಸಮಿತಿಯಲ್ಲಿ ಕೂತಾಗ ನಾನು ಹೆಚ್ಚು ಹೊತ್ತು ವಾದ ಮಾಡುವುದು ಇದೇ ವಿಷಯಕ್ಕೆ. ಎದುರಿಗೆ ಕೂತ ಮ್ಯಾನೇಜರ್, “ಮೇಡಂ, ಅವತ್ತು ಆ ಮಷೀನಲ್ಲಿ ಆಬ್ಸೆಂಟ್ ಇತ್ತು, ಅದಕ್ಕೆ ಹಾಕಿದ್ದು” ಎನ್ನುತ್ತಾರೆ. ಹಾಗಾದರೆ ಆ ತಿಂಗಳ ಹಾಜರಿ ಪುಸ್ತಕ ತರಿಸಿ ಎನ್ನುತ್ತೇನೆ. ಲೈನಿನ ಪ್ರೊಡಕ್ಷನ್ ಶೀಟ್ ತರಿಸಿ ಎನ್ನುತ್ತೇನೆ. ಸಮಿತಿಗೆ ದಾಖಲೆ ತರಿಸುವ, ಸಾಕ್ಷಿಗಳನ್ನು ಕರೆಸುವ ಅಧಿಕಾರ ಸಿವಿಲ್ ಕೋರ್ಟಿಗೆ ಇರುವಷ್ಟೇ ಇದೆ. ಯಾವ ದಿನದಿಂದ ಯಾರ ಟಾರ್ಗೆಟ್ ಏರಿತು, ಯಾರ ರಜೆ ನಿಂತಿತು ಎಂಬುದು ಆ ಕಾಗದಗಳಲ್ಲಿ ಕಾಣುತ್ತದೆ. ಕೈ ಎಲ್ಲಿಟ್ಟ ಎಂಬುದಕ್ಕೆ ಸಾಕ್ಷಿ ಸಿಗದೇ ಹೋಗಬಹುದು. ಆಮೇಲೆ ಏನು ಮಾಡಿದ ಎಂಬುದು ಫ್ಯಾಕ್ಟರಿಯ ಪುಸ್ತಕದಲ್ಲೇ ಬರೆದಿರುತ್ತದೆ.

ಸಾಕ್ಷಿಯ ವಿಷಯಕ್ಕೆ ಬಂದರೆ, ಪಕ್ಕದ ಮಷೀನಿನವಳೇ ಸಾಕ್ಷಿ. ಅವಳೂ ಅದೇ ಸೂಪರ್‌ವೈಸರ್ ಕೈಕೆಳಗೆ ಇರುವವಳು. ನಾಳೆ ಅವಳ ರಜೆ ಚೀಟಿಗೂ ಅವನೇ ಸಹಿ ಹಾಕಬೇಕು. ಹೀಗಿರುವಾಗ “ಯಾರೂ ಸಾಕ್ಷಿ ಹೇಳಲಿಲ್ಲ, ಆದ್ದರಿಂದ ಆರೋಪ ಸಾಬೀತಾಗಿಲ್ಲ” ಎಂದು ಬರೆದು ಮುಗಿಸುವುದು ಸರಿಯಾ? ವಿಚಾರಣೆ ನಡೆಯುವಾಗ ಅವನನ್ನು ಆ ಲೈನಿನಿಂದ ತೆಗೆಯಬೇಕು. ದೂರು ಕೊಟ್ಟವಳು ಬರೆದು ಕೇಳಿದರೆ ಸಮಿತಿ ಇದನ್ನು ಶಿಫಾರಸು ಮಾಡಬಹುದು. ಅವಳಿಗೆ ಮೂರು ತಿಂಗಳ ತನಕ ಹೆಚ್ಚುವರಿ ರಜೆ ಕೊಡಿಸಬಹುದು. ಅವಳ ಕೆಲಸದ ಬಗ್ಗೆ ಅವನು ವರದಿ ಬರೆಯದಂತೆ ತಡೆಯಬಹುದು. ಕಾನೂನಿನಲ್ಲಿ ಅವನನ್ನೋ ಅವಳನ್ನೋ ವರ್ಗಾಯಿಸಬಹುದು ಎಂದಿದೆ. ಫ್ಯಾಕ್ಟರಿಗಳು ಸುಲಭ ಎಂದು ಅವಳನ್ನೇ ಎತ್ತಿ ಬೇರೆ ಲೈನಿಗೆ ಹಾಕುತ್ತವೆ. ಹೊಸ ಲೈನಿನಲ್ಲಿ ಅವಳ ಗೆಳತಿಯರಿಲ್ಲ, ಅವಳ ಕೈಗೆ ಪಳಗಿದ ಮಷೀನಿಲ್ಲ, ಇನ್ಸೆಂಟಿವ್ ಇಲ್ಲ. ಊಟದ ಹೊತ್ತಿನಲ್ಲಿ ಅವಳನ್ನು ನೋಡಿ ಎಲ್ಲರೂ ಪಿಸುಗುಡುತ್ತಾರೆ. ಅವನು ಮಾತ್ರ ಹಳೆಯ ಜಾಗದಲ್ಲೇ ಓಡಾಡಿಕೊಂಡಿರುತ್ತಾನೆ. ಇದನ್ನು ನೋಡಿದ ಇನ್ನೂರು ಜನಕ್ಕೆ ತೀರ್ಪು ಏನು ಎಂದು ವಿಚಾರಣೆ ಮುಗಿಯುವ ಮೊದಲೇ ಅರ್ಥವಾಗಿರುತ್ತದೆ.

ವಿಚಾರಣೆಗೆ ಮೊದಲು ಇನ್ನೊಂದು ಒತ್ತಡ ಬರುತ್ತದೆ, ರಾಜಿ. “ಸಾರಿ ಕೇಳಿದಾನಲ್ಲ, ಬಿಡಮ್ಮ. ಅವನಿಗೂ ಹೆಂಡತಿ ಮಕ್ಕಳಿದಾರೆ.” ರಾಜಿ ಮಾಡಿಸಲು ಕಾನೂನಿನಲ್ಲಿ ಅವಕಾಶ ಇದೆ. ಆದರೆ ಅದನ್ನು ಅವಳೇ ಕೇಳಬೇಕು, ಬೇರೆ ಯಾರೂ ಸೂಚಿಸುವ ಹಾಗಿಲ್ಲ. ದುಡ್ಡು ಕೊಟ್ಟು ರಾಜಿ ಮಾಡುವಂತೆಯೇ ಇಲ್ಲ. ಹೆಚ್‌ಆರ್‌ನವರು ಅವಳನ್ನು ಕ್ಯಾಬಿನ್ನಿಗೆ ಕರೆದು ಬಾಗಿಲು ಹಾಕಿ ಅರ್ಧ ಗಂಟೆ ಮಾತಾಡಿದ ಮೇಲೆ ಬರುವ “ನನಗೆ ರಾಜಿ ಆಗಬಹುದು” ಎಂಬ ಚೀಟಿಯನ್ನು ನಾನು ಒಪ್ಪುವುದಿಲ್ಲ. ಅವಳ ಜೊತೆ ಒಂಟಿಯಾಗಿ ಮಾತಾಡಿದ ಮೇಲೆಯೇ ಮುಂದಿನ ಮಾತು.

ಮನೆಯ ವಿಷಯ ಇನ್ನೂ ಸೂಕ್ಷ್ಮ. ಗಂಡನಿಗೋ ಮಾವನಿಗೋ ಗೊತ್ತಾದರೆ, “ಅಂಥ ಕಡೆ ಕೆಲಸವೇ ಬೇಡ” ಎಂದು ಬಿಡಿಸಿಬಿಡುತ್ತಾರೆ. ಅವಳ ದುಡಿಮೆಯೂ ಹೋಯಿತು, ಮರ್ಯಾದೆಯ ಹೆಸರಿನಲ್ಲಿ ಮನೆಯೊಳಗೆ ಬೈಗುಳವೂ ಬಂತು. ಆದ್ದರಿಂದ ಸಮಿತಿಯ ಯಾವ ನೋಟಿಸನ್ನೂ ಮನೆ ವಿಳಾಸಕ್ಕೆ ಅಂಚೆಯಲ್ಲಿ ಹಾಕಬೇಡಿ, ಅವಳ ಕೈಗೇ ಕೊಟ್ಟು ಸಹಿ ಪಡೆಯಿರಿ ಎಂದು ಪ್ರತಿ ಫ್ಯಾಕ್ಟರಿಯಲ್ಲೂ ಹೇಳುತ್ತೇನೆ. ಸಣ್ಣ ವಿಷಯ ಅನ್ನಿಸಬಹುದು. ಒಂದು ಲಕೋಟೆಯಿಂದ ಒಬ್ಬಳ ಸಂಬಳ ನಿಲ್ಲುತ್ತದೆ ಎಂದರೆ ಸಣ್ಣದಲ್ಲ.

ಒಡಿಶಾ, ಜಾರ್ಖಂಡ್ ಕಡೆಯಿಂದ ಬಂದು ಹಾಸ್ಟೆಲ್‌ಗಳಲ್ಲಿ ಇರುವ ಹುಡುಗಿಯರಿಗೆ ಇದಕ್ಕಿಂತ ಕಷ್ಟ. ಗೋಡೆಯ ಮೇಲಿನ ಪೋಸ್ಟರ್ ಕನ್ನಡದಲ್ಲಿ, ಇಂಗ್ಲಿಷಿನಲ್ಲಿ ಇರುತ್ತದೆ. ಹಾಸ್ಟೆಲ್ ವಾರ್ಡನ್, ಫ್ಯಾಕ್ಟರಿ ವ್ಯಾನಿನ ಡ್ರೈವರ್, ಲೈನಿನ ಸೂಪರ್‌ವೈಸರ್ ಎಲ್ಲರೂ ಒಬ್ಬರಿಗೊಬ್ಬರು ಪರಿಚಯ. ಫ್ಯಾಕ್ಟರಿ ಕೊಟ್ಟ ವ್ಯಾನ್ ಕೂಡ ಕಾನೂನಿನ ಕಣ್ಣಲ್ಲಿ ಕೆಲಸದ ಜಾಗವೇ. ಡ್ರೈವರ್ ಮೇಲಿನ ದೂರನ್ನು “ಅವನು ಕಂಟ್ರಾಕ್ಟ್, ನಮ್ಮವನಲ್ಲ” ಎಂದು ತಳ್ಳಿಹಾಕಲು ಬರುವುದಿಲ್ಲ. ದೂರು ಬರೆಯಲು ಬಾರದವರಿಗೆ ಬರೆದುಕೊಡಬೇಕಾದದ್ದು ಸಮಿತಿಯ ಕೆಲಸ. ಅವರ ಮಾತು ಗೊತ್ತಿರುವ ಇನ್ನೊಬ್ಬ ಹೆಂಗಸನ್ನು ಕೂರಿಸಿಕೊಂಡು, ಅವಳು ಹೇಳಿದ ಹಾಗೇ ಬರೆಯಬೇಕು. ಎಷ್ಟು ಹೊತ್ತಿಗೆ, ಯಾವ ಮಷೀನ್ ಹತ್ತಿರ, ಏನೆಂದ, ಎಲ್ಲಿ ಮುಟ್ಟಿದ. “ಅನುಚಿತವಾಗಿ ವರ್ತಿಸಿದರು” ಎಂದು ಒಂದೇ ಸಾಲಿನಲ್ಲಿ ಬರೆದ ದೂರು ಅಪೀಲಿನಲ್ಲಿ ನಿಲ್ಲುವುದಿಲ್ಲ.

ಈಗ ಮಾಲೀಕರ ವಿಷಯ. ತಮ್ಮ ಜವಾಬ್ದಾರಿ ಏನು ಎಂದು ಕೇಳಿದರೆ ಬಹಳಷ್ಟು ಮ್ಯಾನೇಜರ್‌ಗಳು ಒಂದು ಫೈಲ್ ತಂದು ತೋರಿಸುತ್ತಾರೆ. ಹತ್ತು ಜನ ಅಥವಾ ಅದಕ್ಕಿಂತ ಹೆಚ್ಚು ಕೆಲಸಗಾರರಿರುವ ಕಡೆ ಸಮಿತಿ ಇರಬೇಕು, ಇದೆ. ಅರ್ಧಕ್ಕಿಂತ ಕಡಿಮೆ ಹೆಂಗಸರು ಇರಬಾರದು, ಸರಿಯಾಗಿದೆ. ಹಿರಿಯ ಹುದ್ದೆಯ ಹೆಂಗಸು ಅಧ್ಯಕ್ಷೆ, ಆಗಿದ್ದಾರೆ. ಪೋಸ್ಟರ್ ಅಂಟಿಸಿದ್ದಾರೆ, ತರಬೇತಿಯ ಫೋಟೋ ಇದೆ. ಆ ಅಧ್ಯಕ್ಷೆಗೆ ಪ್ರಮೋಷನ್ ಕೊಡುವವರು ಜನರಲ್ ಮ್ಯಾನೇಜರ್. ಕೆಲಸಗಾರರ ಪ್ರತಿನಿಧಿಯನ್ನು ಆರಿಸಿದವರು ಹೆಚ್‌ಆರ್. ಹೊರಗಿನ ಸದಸ್ಯೆಯಾದ ನನ್ನನ್ನು ಕರೆಯುವವರೂ ಅವರೇ. ನಿಯಮದ ಪ್ರಕಾರ ನನಗೆ ಕೊಡಬೇಕಾದದ್ದು ದಿನಕ್ಕೆ 200 ರೂಪಾಯಿ ಮತ್ತು ಬಂದುಹೋಗುವ ಖರ್ಚು. ಗಟ್ಟಿಯಾಗಿ ಮಾತಾಡಿದ ಮೇಲೆ ಒಂದೆರಡು ಫ್ಯಾಕ್ಟರಿಗಳು ನನ್ನನ್ನು ಮತ್ತೆ ಕರೆಯಲಿಲ್ಲ. ಸಮಿತಿಯ ಅವಧಿ ಮೂರು ವರ್ಷ, ಮುಗಿದ ಕೂಡಲೇ ಬೇರೆಯವರು ಬಂದರು.

ಯಾವ ಸೂಪರ್‌ವೈಸರ್ ಮೇಲೆ ದೂರು ಬಂದಿರುತ್ತದೋ ಅವನ ಬಗ್ಗೆ ಮ್ಯಾನೇಜರ್ ಹೇಳುವ ಮೊದಲ ಮಾತು, “ಒಳ್ಳೆ ಔಟ್‌ಪುಟ್ ಕೊಡ್ತಾನೆ ಮೇಡಂ.” ನನಗೆ ಸಿಟ್ಟು ಬರುವುದು ಇಲ್ಲಿ. ಆ ಔಟ್‌ಪುಟ್ ಬರುತ್ತಿರುವುದೇ ಹೆದರಿಕೆಯಿಂದ. ಶಿಪ್‌ಮೆಂಟ್ ತಾರೀಕು ಹತ್ತಿರ ಬಂದಾಗ ಪ್ರೊಡಕ್ಷನ್ ಮ್ಯಾನೇಜರ್ ಅವನನ್ನು ಬೈಯುತ್ತಾರೆ, ಅವನು ಲೈನನ್ನು ಬೈಯುತ್ತಾನೆ. ಬೈದು ಹೆದರಿಸಿ ಹೊಲಿಸುವ ಅಧಿಕಾರ ಕೊಟ್ಟವರು, ಆ ಅಧಿಕಾರವನ್ನು ಅವನು ಬೇರೆಯದಕ್ಕೂ ಬಳಸಿದಾಗ “ಅದು ಅವನ ವೈಯಕ್ತಿಕ ತಪ್ಪು” ಎಂದು ಕೈ ತೊಳೆದುಕೊಳ್ಳಬಾರದು. ತೀರಾ ದೊಡ್ಡ ಗಲಾಟೆಯಾದರೆ ಅವನಿಂದ ರಾಜೀನಾಮೆ ಬರೆಸಿಕೊಂಡು ಸುಮ್ನೆ ಕಳಿಸುತ್ತಾರೆ. ಅದೇ ರಸ್ತೆಯ ಇನ್ನೊಂದು ಫ್ಯಾಕ್ಟರಿಯಲ್ಲಿ ಅವನು ಸೇರುತ್ತಾನೆ, ಅಲ್ಲಿನ ಹೆಂಗಸರಿಗೆ ಅವನ ಬಗ್ಗೆ ಏನೂ ಗೊತ್ತಿರುವುದಿಲ್ಲ.

ಇದು ಎಲ್ಲಿಗೆ ಹೋಗಿ ಮುಟ್ಟಬಹುದು ಎಂದು ಪಕ್ಕದ ತಮಿಳುನಾಡಿನಲ್ಲಿ ನೋಡಿದೆವು. ದಿಂಡಿಗಲ್ ಜಿಲ್ಲೆಯ ಗಾರ್ಮೆಂಟ್ಸ್ ಒಂದರಲ್ಲಿ ಕೆಲಸ ಮಾಡುತ್ತಿದ್ದ ದಲಿತ ಹುಡುಗಿ, ತಿಂಗಳುಗಟ್ಟಲೆ ಕಿರುಕುಳ ಅನುಭವಿಸಿ, 2021ರ ಜನವರಿಯಲ್ಲಿ ಕೊಲೆಯಾದಳು. ಕೊಂದ ಆರೋಪ ಬಂದಿದ್ದು ಅವಳ ಸೂಪರ್‌ವೈಸರ್ ಮೇಲೆ. ಅಲ್ಲಿನ ಹೆಂಗಸರೇ ನಡೆಸುವ ತಮಿಳುನಾಡು ಟೆಕ್ಸ್‌ಟೈಲ್ ಅಂಡ್ ಕಾಮನ್ ಲೇಬರ್ ಯೂನಿಯನ್ ಬಿಡಲಿಲ್ಲ. 2022ರ ಏಪ್ರಿಲ್‌ನಲ್ಲಿ ಫ್ಯಾಕ್ಟರಿಯ ಕಂಪನಿ ಮತ್ತು ಬಟ್ಟೆ ಕೊಳ್ಳುವ ಹೆಚ್ & ಎಂ ಜೊತೆ ಒಪ್ಪಂದಕ್ಕೆ ಸಹಿಯಾಯಿತು. ಗ್ಯಾಪ್, ಪಿವಿಹೆಚ್ ಎಂಬ ಬಟ್ಟೆ ಬ್ರ್ಯಾಂಡ್ ಕಂಪನಿಗಳು ಆಮೇಲೆ ಸೇರಿದವು. ಅದಕ್ಕೆ ದಿಂಡಿಗಲ್ ಒಪ್ಪಂದ ಎಂದೇ ಹೆಸರು. ಕೆಲಸಗಾರ ಹೆಂಗಸರಲ್ಲೇ ಕೆಲವರಿಗೆ ತರಬೇತಿ ಕೊಟ್ಟು, ಫ್ಲೋರಿನಲ್ಲಿ ಕಿರುಕುಳ ಕಂಡ ಕೂಡಲೇ ಹೇಳುವ ಜವಾಬ್ದಾರಿ ಕೊಟ್ಟರು. ಫ್ಯಾಕ್ಟರಿ ಮಾತಿಗೆ ತಪ್ಪಿದರೆ ಅದರ ವ್ಯಾಪಾರಕ್ಕೆ ಪೆಟ್ಟು ಬೀಳುವಂತೆ ಮಾಡಲು ಬ್ರ್ಯಾಂಡುಗಳು ಒಪ್ಪಿದವು. ನಮ್ಮ ಕಡೆಯ ಮಾಲೀಕರಿಗೆ 50,000 ರೂಪಾಯಿ ದಂಡ ದೊಡ್ಡದಲ್ಲ. ಸಮಿತಿ ಮಾಡದಿದ್ದರೆ ಮೊದಲ ಸಲ ಅಷ್ಟೇ ದಂಡ. ಮತ್ತೆ ತಪ್ಪಿದರೆ ಎರಡರಷ್ಟು, ಲೈಸೆನ್ಸ್ ಕೂಡ ಹೋಗಬಹುದು ಎಂದಿದೆ. ಆರ್ಡರ್ ಕೈತಪ್ಪುತ್ತದೆ ಎಂದರೆ ಮಾತ್ರ ಎಲ್ಲರೂ ಎದ್ದು ಕೂರುತ್ತಾರೆ. ಬೈಯರ್‌ಗಳು ಆಡಿಟ್‌ಗೆ ಬಂದಾಗ ಫೈರ್ ಎಕ್ಸ್‌ಟಿಂಗ್ವಿಷರ್ ಎಣಿಸುವ ಹಾಗೆ ಇದನ್ನೂ ಕೂತು ನೋಡಬೇಕು ಎಂದು ನಾನು ಕೇಳುವುದು ಅದಕ್ಕೇ.

ನಮ್ಮ ಹೆಂಗಸರಿಗೆ ಬಾಯಿಲ್ಲ ಎನ್ನುವವರಿಗೆ 2016ರ ಏಪ್ರಿಲ್ ನೆನಪಿಸುತ್ತೇನೆ. ಪಿಎಫ್‌ನಲ್ಲಿ ಮಾಲೀಕರ ಪಾಲನ್ನು 58 ವರ್ಷ ಆಗುವ ತನಕ ತೆಗೆಯುವಂತಿಲ್ಲ ಎಂದು ಕೇಂದ್ರ ಸರ್ಕಾರ ನಿಯಮ ತಂದಾಗ ಸಾವಿರಾರು ಗಾರ್ಮೆಂಟ್ಸ್ ಹೆಂಗಸರು ಹೊಸೂರು ರಸ್ತೆಗೆ ಇಳಿದರು. ಎರಡು ದಿನ ಬೆಂಗಳೂರು ನಿಂತಿತು. ಏಪ್ರಿಲ್ 19ಕ್ಕೆ ಸರ್ಕಾರ ಆ ನಿಯಮ ವಾಪಸ್ ತೆಗೆದುಕೊಂಡಿತು. ಪಿಎಫ್‌ಗೆ ಯಾಕೆ ಇಷ್ಟು ಸಿಟ್ಟು ಎಂದು ಆಗ ಟೀವಿಯಲ್ಲಿ ಕೆಲವರು ಅಚ್ಚರಿಪಟ್ಟರು. ನನಗೆ ಅಚ್ಚರಿ ಆಗಲಿಲ್ಲ. ಮಕ್ಕಳ ಫೀಸು, ಮನೆಯ ಸಾಲ ಎಲ್ಲ ನಿಜ. ಅದರ ಜೊತೆಗೆ, ಕೆಟ್ಟ ಸೂಪರ್‌ವೈಸರ್ ಕೈಯಿಂದ ತಪ್ಪಿಸಿಕೊಂಡು ಹೊರಟ ಹೆಂಗಸಿಗೆ ಮುಂದಿನ ಕೆಲಸ ಸಿಗುವ ತನಕ ಅಕ್ಕಿ ತರುವ ದುಡ್ಡು ಅದೊಂದೇ. ನನಗೂ ಅದೇ ಆಗಿತ್ತು. ಐದು ವರ್ಷ ತುಂಬುವ ಮೊದಲೇ ಬಿಟ್ಟಿದ್ದಕ್ಕೆ ಗ್ರಾಚ್ಯುಯಿಟಿ ಇಲ್ಲ. ಹೊಸ ಫ್ಯಾಕ್ಟರಿಯಲ್ಲಿ ಮತ್ತೆ ಒಂದರಿಂದ ಲೆಕ್ಕ. ಕಿರುಕುಳದ ಬೆಲೆಯನ್ನು ಹೆಂಗಸರು ಹೀಗೆ ದುಡ್ಡಿನಲ್ಲೂ ಕಟ್ಟುತ್ತಿದ್ದಾರೆ.

ಪ್ರತಿ ವರ್ಷ ಸಮಿತಿ ಒಂದು ವರದಿ ಕೊಡಬೇಕು. ಅದರಲ್ಲಿ ಐದು ವಿಷಯ ಇರಬೇಕು ಎಂದು ನಿಯಮ ಹೇಳುತ್ತದೆ: ಎಷ್ಟು ದೂರು ಬಂದವು, ಎಷ್ಟು ಮುಗಿದವು, 90 ದಿನ ದಾಟಿಯೂ ಉಳಿದವು ಎಷ್ಟು, ಎಷ್ಟು ತರಬೇತಿ ನಡೆದವು, ಏನು ಕ್ರಮ ಆಯಿತು. ದೂರು ಕೊಟ್ಟವಳು ಏನಾದಳು ಎಂದು ಅದರಲ್ಲಿ ಎಲ್ಲೂ ಕೇಳಿಲ್ಲ. ನಾನು ಇರುವ ಸಮಿತಿಗಳಲ್ಲಿ ಆರನೆಯ ಕಾಲಂ ಒಂದನ್ನು ಸೇರಿಸಿ ಎಂದು ಕೇಳುತ್ತೇನೆ. ಒಂದು ವರ್ಷದ ಮೇಲೆ ಅವಳು ಇದೇ ಫ್ಯಾಕ್ಟರಿಯಲ್ಲಿ ಇದ್ದಾಳಾ? ಅದೇ ಗ್ರೇಡ್, ಅದೇ ಕೆಲಸದಲ್ಲಿ ಇದ್ದಾಳಾ? ಸಾಕ್ಷಿ ಹೇಳಿದವಳು ಇದ್ದಾಳಾ? ಹೆಸರು ಬೇಡ, ಹೌದು ಅಥವಾ ಇಲ್ಲ ಎಂದರೆ ಸಾಕು. ಹೆಚ್ಚಿನ ಕಡೆ “ಫಾರ್ಮ್ಯಾಟ್‌ನಲ್ಲಿ ಇಲ್ಲ ಮೇಡಂ” ಎನ್ನುತ್ತಾರೆ. ಹೆಚ್ಚಾಗಿ ಬರೆಯಬಾರದು ಎಂದು ಯಾವ ನಿಯಮವೂ ಹೇಳಿಲ್ಲ.

ಒಂದು ಕಡೆ ಮಾತ್ರ ಒಪ್ಪಿಕೊಂಡರು. ಆ ಫ್ಯಾಕ್ಟರಿಯವರು ಇನ್ನೂ ಮುಂದೆ ಹೋಗಿ ರಜೆ ಚೀಟಿಯನ್ನು ಸೂಪರ್‌ವೈಸರ್ ಕೈಯಿಂದ ತೆಗೆದರು. ಈಗ ಚೀಟಿ ಟೈಂ ಆಫೀಸಿಗೆ ಹೋಗುತ್ತದೆ. ಬೇಡ ಎನ್ನುವುದಾದರೆ ಕಾರಣ ಬರೆಯಬೇಕು. ಆಸ್ಪತ್ರೆ, ಮಗುವಿನ ವಿಷಯವಾದರೆ ವೆಲ್ಫೇರ್ ಆಫೀಸರ್ ಅಲ್ಲೇ ಗೇಟ್ ಪಾಸ್ ಕೊಡುತ್ತಾರೆ. ಮಷೀನ್ ಬದಲಾಯಿಸಿದರೆ ಯಾಕೆ ಎಂದು ಶೀಟಿನಲ್ಲಿ ದಾಖಲಿಸಬೇಕು. ಹಳೆಯ ಟೈಲರ್‌ಗಳಲ್ಲಿ ಕೆಲವರಿಗೆ ಸೂಪರ್‌ವೈಸರ್ ತರಬೇತಿ ಶುರುವಾಗಿದೆ. ಇದಕ್ಕೆಲ್ಲ ಹೆಚ್ಚೇನೂ ಖರ್ಚಾಗಿಲ್ಲ. ಪ್ರೊಡಕ್ಷನ್ ಬೀಳುತ್ತದೆ ಎಂದು ಮೊದಲು ಹೆದರಿದ್ದ ಮ್ಯಾನೇಜರ್ ಈಗ ಆ ಮಾತು ಎತ್ತುವುದಿಲ್ಲ.

ಸುಪ್ರೀಂ ಕೋರ್ಟು 2023ರ ಮೇ ತಿಂಗಳಲ್ಲಿ, ಕಾನೂನು ಬಂದು ಹತ್ತು ವರ್ಷವಾದರೂ ಜಾರಿ ಸರಿಯಿಲ್ಲ ಎಂದು ಬೇಸರದಿಂದಲೇ ಹೇಳಿತು. 2024ರ ಡಿಸೆಂಬರ್‌ನಲ್ಲಿ ಮತ್ತೆ ರಾಜ್ಯಗಳಿಗೆ ಗಡುವು ಕೊಟ್ಟಿತು. ಆದೇಶಗಳು ಬರುತ್ತಿರಲಿ. ಅಷ್ಟರಲ್ಲಿ ಇದನ್ನು ಓದುತ್ತಿರುವ ಯಾರಿಗಾದರೂ ಇವತ್ತೇ ಬೇಕಾದರೆ, ಇಷ್ಟು ತಿಳಿದುಕೊಳ್ಳಿ.

ಘಟನೆ ನಡೆದ, ಅಥವಾ ಕೊನೆಯ ಸಲ ನಡೆದ ದಿನದಿಂದ ಮೂರು ತಿಂಗಳೊಳಗೆ ದೂರು ಕೊಡಬೇಕು. ಕೊಡಲಾಗದ ಪರಿಸ್ಥಿತಿ ಇತ್ತು ಎಂದು ಮನವರಿಕೆ ಮಾಡಿದರೆ ಸಮಿತಿ ಇನ್ನೂ ಮೂರು ತಿಂಗಳು ಕೊಡಬಹುದು. ಬರೆದೇ ಕೊಡಿ. ನಿಮ್ಮ ಪ್ರತಿಯ ಮೇಲೆ ತಾರೀಕು, ಸೀಲು, ಸಹಿ ಹಾಕಿಸಿಕೊಳ್ಳಿ. ಫ್ಲೋರಿನ ಸಿಸಿಟಿವಿ ದೃಶ್ಯ ಉಳಿಸಿಡಿ ಎಂದು ಅದೇ ದೂರಿನಲ್ಲಿ ಸೇರಿಸಿ, ಯಾಕೆಂದರೆ ಸಾಮಾನ್ಯವಾಗಿ ಕೆಲವೇ ವಾರಗಳಲ್ಲಿ ಹಳೆಯದರ ಮೇಲೆ ಹೊಸದು ರೆಕಾರ್ಡ್ ಆಗಿಬಿಡುತ್ತದೆ. ವಾಟ್ಸಾಪ್ ಮೆಸೇಜ್ ಅಳಿಸಬೇಡಿ, ಸ್ಕ್ರೀನ್‌ಶಾಟ್ ತೆಗೆದು ನಂಬಿಕೆಯ ಇನ್ನೊಬ್ಬರಿಗೆ ಕಳಿಸಿಡಿ. ಸಾಬೀತು ಮಾಡಲಾಗದಿದ್ದರೆ ನಿಮಗೇ ಶಿಕ್ಷೆ ಎಂದು ಯಾರಾದರೂ ಹೆದರಿಸಿದರೆ ನಂಬಬೇಡಿ. ಬೇಕೆಂದೇ ಸುಳ್ಳು ಹೇಳಿದ್ದಾರೆ ಎಂದು ವಿಚಾರಣೆಯಲ್ಲಿ ಗೊತ್ತಾದರೆ ಮಾತ್ರ ಕ್ರಮ. ಸಾಕ್ಷಿ ಸಾಲದಿದ್ದರೆ ಅದು ಸುಳ್ಳು ದೂರು ಆಗುವುದಿಲ್ಲ. ಪೊಲೀಸರಿಗೂ ದೂರು ಕೊಡಬೇಕು ಎನ್ನಿಸಿದರೆ ಅದಕ್ಕೆ ನೆರವಾಗಬೇಕಾದದ್ದು ಮಾಲೀಕರ ಕರ್ತವ್ಯ.

ಹತ್ತಕ್ಕಿಂತ ಕಡಿಮೆ ಜನ ಇರುವ ಅಂಗಡಿ, ಕ್ಲಿನಿಕ್, ಸಣ್ಣ ಟೈಲರಿಂಗ್ ಯೂನಿಟ್‌ನಲ್ಲಿದ್ದರೆ, ಮನೆಗೆಲಸ ಮಾಡುತ್ತಿದ್ದರೆ, ಅಥವಾ ಕಿರುಕುಳ ಕೊಟ್ಟವರು ಮಾಲೀಕರೇ ಆಗಿದ್ದರೆ, ನಿಮ್ಮ ಜಿಲ್ಲೆಯ ಸ್ಥಳೀಯ ಸಮಿತಿಗೆ ದೂರು ಕೊಡಬಹುದು. ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆಯ ಜಿಲ್ಲಾ ಕಚೇರಿಯಲ್ಲಿ ಕೇಳಿ. ಸಹಾಯಕ್ಕೆ 181ಕ್ಕೆ ಫೋನ್ ಮಾಡಿ. ಅಪಾಯ ಇದ್ದರೆ 112. ಒಬ್ಬರೇ ಹೋಗಲು ಹೆದರಿಕೆಯಾದರೆ ಯೂನಿಯನ್‌ನವರನ್ನೋ ಪಕ್ಕದ ಮಷೀನಿನವರನ್ನೋ ಜೊತೆಗೆ ಕರೆದುಕೊಂಡು ಹೋಗಿ. ಮತ್ತು ರಾಜೀನಾಮೆಗೆ ಸಹಿ ಹಾಕುವ ಮೊದಲು, ದಯವಿಟ್ಟು, ಇವರಲ್ಲಿ ಯಾರ ಹತ್ತಿರವಾದರೂ ಒಂದು ಸಲ ಮಾತಾಡಿ.